ಪಾಠ ಹೇಳಲು ಬಂದವರು

ಮೈಲಾರಕ್ಕೆ ಭಕ್ತರು ಹೋಗುವುದು ಕಾರ್ಣಿಕ ಕೇಳುವುದಕ್ಕೆ. ಭರತ ಹುಣ್ಣಿಮೆಯ ಆಚೀಚೆ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಒಂದು ಮಾತು ನುಡಿಯುತ್ತಾನೆ. ಅದರಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ರಾಜಕೀಯ ಯಾವ ಕಡೆ ಎಂದು ಹುಡುಕುತ್ತ ಜನ ಊರಿಗೆ ಮರಳುತ್ತಾರೆ. ಮದ್ರಾಸ್ ಪ್ರಾಂತ್ಯದ ಆರೋಗ್ಯ ಇಲಾಖೆ ಇಂಥ ಜಾತ್ರೆಗಳನ್ನು ನೋಡುತ್ತಿದ್ದ ಬಗೆ ಬೇರೆ. ಹೊಳೆ ದಂಡೆಯಲ್ಲಿ ಸಾವಿರಾರು ಜನ ಸೇರಿದರೆ ಅದು ಇಲಾಖೆಗೆ ಕಾಲರಾ ಹಬ್ಬುವ ಜಾಗ. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಆ ಬಗೆಯ ಮೊದಲ ಸಮಗ್ರ ಕಾನೂನು. ಅದು ಜಾತ್ರೆ ಉತ್ಸವಗಳಿಗೆಂದೇ ಒಂದು ಭಾಗ ಮೀಸಲಿಟ್ಟಿತು: ಕುಡಿಯುವ ನೀರಿಗೆ ಕಾವಲು, ಕಕ್ಕಸಿನ ಏರ್ಪಾಡು, ಯಾತ್ರಿಕರಿಗೆ ಚುಚ್ಚುಮದ್ದು.

ಆ ಕಾಳಜಿ ಸುಳ್ಳಾಗಿರಲಿಲ್ಲ. ಕಾಲರಾ ಜಾತ್ರೆಯಿಂದ ಹೊರಟು ಬಂಡಿ ಹಾದಿಗುಂಟ ಊರೂರು ಹೊಗುತ್ತಿತ್ತು. ಆದರೆ ಅಲ್ಲಿ ಒಂದು ನೋಟ ರೂಢಿಯಾಯಿತು: ಹಳ್ಳಿಯವರೆಂದರೆ ಗುಂಪು, ಗುಂಪೆಂದರೆ ಅಪಾಯ. ಸ್ಯಾನಿಟರಿ ಇನ್ಸ್‌ಪೆಕ್ಟರು ಸೂಜಿ ಹಿಡಿದು ಬಂದರು. ಅವರ ಹಿಂದೆ ಮ್ಯಾಜಿಕ್ ಲ್ಯಾಂಟರ್ನ್ ಬಂತು, ಬಿಳಿ ಬಟ್ಟೆಯ ಮೇಲೆ ಆಳೆತ್ತರದ ನೊಣ ಮೂಡಿತು. ನೊಣ ಎಲ್ಲಿಂದ ಬರುತ್ತದೆ ಎಂಬುದು ತಿಪ್ಪೆಯ ಪಕ್ಕದಲ್ಲೇ ಬದುಕುವವರಿಗೆ ಹೊಸ ಸುದ್ದಿಯೇನಲ್ಲ. ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗಬೇಕು, ಹೊಲ ಅನ್ನ ಕೊಡಬೇಕು ಎಂಬ ಲೆಕ್ಕ ಮಾತ್ರ ಲ್ಯಾಂಟರ್ನಿನ ಚಿತ್ರದಲ್ಲಿ ಇರಲಿಲ್ಲ.

ಮೈಲಾರವಿರುವ ಹೂವಿನಹಡಗಲಿ ತಾಲ್ಲೂಕಿನ ಹೋಬಳಿ ಊರಾದ ಇಟ್ಟಿಗಿ, ಅದರ ಸುತ್ತಲಿನ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಅಧೀನದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅಂದು ಮೈಸೂರು ರಾಜ್ಯದ ಪಾಲಾದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಎಲ್ಲವೂ ವಿಜಯನಗರ ಜಿಲ್ಲೆಯಾದವು. ಆಳುವ ಕಚೇರಿಯ ಹೆಸರು ಇಷ್ಟು ಸಲ ಬದಲಾದರೂ ಒಂದು ಸಂಗತಿ ಹಾಗೇ ಉಳಿಯಿತು: ಆರೋಗ್ಯದ ಪಾಠ ಯಾವಾಗಲೂ ದೂರದ ಪಟ್ಟಣದಿಂದ ಬಂತು, ಪಾಠ ಹೇಳುವವರು ಸಂಜೆಯ ಹೊತ್ತಿಗೆ ಪಟ್ಟಣಕ್ಕೇ ಹಿಂದಿರುಗಿದರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗಿನ ಕಾಲದಲ್ಲಿ ಪಾಠ ಒಮ್ಮೆ ತಿರುವುಮುರುವಾದದ್ದುಂಟು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡೇ ವರ್ಷದಲ್ಲಿ ಕನ್ನಡನಾಡಿನ ಒಳಗೆ ಇಳಿಯಿತು. ಅಧಿಕಾರಿಗಳು ಮೊದಲು ನಂಬಿದ್ದು ಮನೆ ಶೋಧ, ಬಲವಂತದ ಪ್ರತ್ಯೇಕತೆ, ಸೋಂಕು ನಿವಾರಕ ದ್ರಾವಣ. ಹಳ್ಳಿಯವರು ಮಾಡಿದ್ದು ಸರಳ: ಇಲಿ ಬಿದ್ದು ಸಾಯತೊಡಗಿದೊಡನೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿದರು. ರೋಗ ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆಂದು 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ತೋರಿಸಿದ್ದ. ವಿಜ್ಞಾನಿಗಳು ಅದನ್ನು ಪೂರ್ತಿ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಒಪ್ಪಿದ ಮೇಲೆ ಸರಕಾರವೇ ಊರು ಬಿಡಿ ಎಂದು ಸಲಹೆ ಕೊಡತೊಡಗಿತು. ಜನ ಮೊದಲೇ ಬಿಟ್ಟಿದ್ದರು.

ಹಳ್ಳಿಯಲ್ಲಿ ವೈದ್ಯನನ್ನು ನೆಲೆ ನಿಲ್ಲಿಸುವ ಮೊದಲ ದೊಡ್ಡ ಪ್ರಯತ್ನವೂ ಮದ್ರಾಸಿನದೇ. ಪಾನಗಲ್ ರಾಜರ ಜಸ್ಟಿಸ್ ಪಕ್ಷದ ಸರಕಾರ 1924ರ ಸುಮಾರಿಗೆ ಹಳ್ಳಿಯಲ್ಲಿ ನೆಲೆಸಿ ವೃತ್ತಿ ಮಾಡುವ ಖಾಸಗಿ ವೈದ್ಯರಿಗೆ ಸಹಾಯಧನ ಕೊಡುವ ಯೋಜನೆ ತಂದಿತು. ಬಡವರಿಗೆ ಪುಕ್ಕಟೆ ಔಷಧ ಕೊಡಬೇಕು, ಉಳಿದವರಿಂದ ಫೀಸು ಪಡೆಯಬಹುದು, ಆದರೆ ಊರಲ್ಲೇ ಇರಬೇಕು. ಇಂಥ ಕೆಲಸಕ್ಕೆ ಒಗ್ಗುತ್ತಿದ್ದವರು ಹೆಚ್ಚಾಗಿ ಎಲ್‌ಎಂಪಿಗಳು, ಅಂದರೆ ಮೆಡಿಕಲ್ ಸ್ಕೂಲುಗಳಲ್ಲಿ ಕಡಿಮೆ ಅವಧಿಯ ಓದು ಮುಗಿಸಿದ ಲೈಸೆನ್ಷಿಯೇಟರು. ಹಳೆಯ ತಲೆಮಾರು ಸಣ್ಣ ಊರುಗಳಲ್ಲಿ ‘ಡಾಕ್ಟ್ರು’ ಎಂದು ನೆನೆಯುವ ಮುಖಗಳಲ್ಲಿ ಅನೇಕವು ಅವರವೇ.

ಎಂಬಿಬಿಎಸ್ ಕಲಿಸುವವರಿಗೆ ಮಾತ್ರ ಎಲ್‌ಎಂಪಿ ಅರೆಬರೆ ಡಾಕ್ಟರು. ಈ ಜಗಳ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯಲ್ಲಿ ತೀರ್ಮಾನಕ್ಕೆ ಬಂತು. ಸಮಿತಿಯ ಮುಂದಿದ್ದ ಲೆಕ್ಕದ ಪ್ರಕಾರ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ನೋಂದಾಯಿತ ವೈದ್ಯರು ಸುಮಾರು 47,500. ಅವರಲ್ಲಿ ಪದವೀಧರರು 18,000ದ ಒಳಗೆ, ಉಳಿದ 30,000ದಷ್ಟು ಮಂದಿ ಲೈಸೆನ್ಷಿಯೇಟರು. ಬಹುಪಾಲು ವೈದ್ಯರು ಪಟ್ಟಣಗಳಲ್ಲಿದ್ದರು. ಸಮಿತಿ ಒಂದೇ ಬಗೆಯ ‘ಮೂಲ ವೈದ್ಯ’ ಸಾಕು ಎಂದಿತು, ಎಲ್‌ಎಂಪಿ ಶಿಕ್ಷಣ ನಿಲ್ಲಲಿ ಎಂದಿತು. ಹಳ್ಳಿಗೆ ಹೋಗುವವರು ಸಿಗುವವರೆಗಾದರೂ ಆ ಓದು ಇರಲಿ ಎಂದು ಕೆಲವು ಸದಸ್ಯರು ಭಿನ್ನಮತ ಬರೆದರು, ನಡೆಯಲಿಲ್ಲ. ಹಳ್ಳಿಗೂ ಪಟ್ಟಣಕ್ಕೂ ಒಂದೇ ದರ್ಜೆಯ ವೈದ್ಯ ಬೇಕೆಂಬ ಸಮಿತಿಯ ಆಶಯವನ್ನು ತಪ್ಪೆನ್ನಲಾಗದು. ಆ ಒಂದೇ ದರ್ಜೆಯನ್ನು ನಿಗದಿ ಮಾಡಿದವರು ಪಟ್ಟಣದ ಆಸ್ಪತ್ರೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರು, ತೊಡಕು ಇದ್ದದ್ದು ಅಲ್ಲಿ. ಭೋರ್ ವರದಿ ಬಯಸಿದ ‘ಸಾಮಾಜಿಕ ವೈದ್ಯ’ ಪಠ್ಯದಲ್ಲಿ ಒಂದು ವಿಷಯವಾಗಿ ಉಳಿದ.

ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1961ರಲ್ಲಿ, ದಾವಣಗೆರೆಯಲ್ಲಿ ಜೆಜೆಎಂ ಕಾಲೇಜು 1965ರಲ್ಲಿ. ಇಟ್ಟಿಗಿಯವರಿಗೆ ಬಳ್ಳಾರಿ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಹರಪನಹಳ್ಳಿ ದಾಟಿದರೆ ದಾವಣಗೆರೆ ಹತ್ತಿರ. ಹೀಗೆ ಎರಡು ಕಾಲೇಜುಗಳ ನಡುವೆ ಸಿಕ್ಕ ಸೀಮೆ ಇದು. ಇಲ್ಲಿನ ರೋಗಿಗಳು ವಾರ್ಡುಗಳಲ್ಲಿ ಪಾಠದ ವಸ್ತುವಾಗಿ ಮಲಗಿದರು. ಕಲಿತ ಹುಡುಗರು ಹಳ್ಳಿಯನ್ನು ನೋಡಿದ್ದು ‘ಪ್ರಿವೆಂಟಿವ್ ಅಂಡ್ ಸೋಶಿಯಲ್ ಮೆಡಿಸಿನ್’ ವಿಭಾಗದ ಬಸ್ಸಿನ ಕಿಟಕಿಯಿಂದ. ಆ ವಿಭಾಗಕ್ಕೆ ಸರ್ಜರಿ, ಮೆಡಿಸಿನ್ ವಿಭಾಗಗಳ ಮುಂದೆ ಮರ್ಯಾದೆ ಕಡಿಮೆ ಎಂಬುದು ದೇಶದ ಬಹುತೇಕ ಕಾಲೇಜುಗಳಲ್ಲಿ ಎಲ್ಲರೂ ಬಲ್ಲ ಸಂಗತಿ, ವಿದ್ಯಾರ್ಥಿಗಳು ಅದನ್ನು ಮೊದಲ ವರ್ಷವೇ ಗ್ರಹಿಸುತ್ತಾರೆ.

ಅಮೆರಿಕದ ಕಾರ್ಲ್ ಟೇಲರ್ ಮತ್ತು ಸಂಗಡಿಗರು ಭಾರತದ ಏಳು ವೈದ್ಯಕೀಯ ಕಾಲೇಜುಗಳ ಗ್ರಾಮೀಣ ತರಬೇತಿಯನ್ನೇ ವಿಷಯವಾಗಿಟ್ಟುಕೊಂಡು ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹೊಸ ವೈದ್ಯರು ಹಳ್ಳಿಯನ್ನು ಯಾವ ಮನಸ್ಸಿನಿಂದ ನೋಡುತ್ತಾರೆ ಎಂಬ ಪ್ರಶ್ನೆ ಆಗಲೇ ಸಂಶೋಧನೆಯ ವಸ್ತುವಾಗಿತ್ತು. ಮರುವರ್ಷ ಕೇಂದ್ರ ಸರಕಾರ ‘ರೋಮ್’ ಯೋಜನೆ ತಂದಿತು: ಪ್ರತಿಯೊಂದು ಮೆಡಿಕಲ್ ಕಾಲೇಜು ಮೂರು ಸಮುದಾಯ ಅಭಿವೃದ್ಧಿ ಬ್ಲಾಕುಗಳ ಆರೋಗ್ಯದ ಹೊಣೆ ಹೊರಬೇಕು. ಬ್ರಿಟನ್ನಿನ ನೆರವಿನಿಂದ ದೊಡ್ಡ ದೊಡ್ಡ ಸಂಚಾರಿ ಆಸ್ಪತ್ರೆ ವಾಹನಗಳು ಬಂದವು, ಕಾಲೇಜಿಗೆ ಮೂರರಂತೆ. ಅಷ್ಟು ಅಗಲದ ಗಾಡಿಗೆ ಹಳ್ಳಿ ರಸ್ತೆ ಸಾಲದು, ಡೀಸೆಲ್ಲಿಗೆ ಬಜೆಟ್ ಸಾಲದು. ಪ್ರೊಫೆಸರರು ಹಳ್ಳಿಗೆ ಹೋಗಬೇಕೆಂಬ ಮಾತನ್ನು ವಾಹನ ಕೊಡುವ ಮಾತಾಗಿ ಇಳಿಸಿದ್ದರಲ್ಲಿ ಯೋಜಕರ ಮನಸ್ಸು ಚೆನ್ನಾಗಿ ಕಾಣುತ್ತದೆ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲಿನ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಸೇವೆ ಕಟ್ಟಿತು; ಹಾಲಿನ ಆದಾಯದ ಒಂದು ಪಾಲು ಆಸ್ಪತ್ರೆಗೆ. ಅಲ್ಲಿ ಕಲಿಸುವವರ ಸಂಬಳದ ಒಂದು ಭಾಗ ಊರವರ ಕೈಯಲ್ಲಿತ್ತು. ಕಲಿಸುವವರ ಧ್ವನಿ ಇಂಥ ಕಡೆ ತಾನಾಗಿ ತಗ್ಗುತ್ತದೆ.

ಕಾಲೇಜಿನ ಹೊರಗೆ, ತಾಲ್ಲೂಕು ಮಟ್ಟದಲ್ಲಿ, ಆರೋಗ್ಯ ಶಿಕ್ಷಣವನ್ನೇ ಕಸುಬಾಗಿಸಿಕೊಂಡ ಒಂದು ಹುದ್ದೆ 1963ರ ಬಳಿಕ ಹುಟ್ಟಿತು. ಇಂದು ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ ಎಂದು ಕರೆಯುವ ಈ ನೌಕರನ ಪೂರ್ವಜನಿಗೆ ಸರಕಾರ ಒಪ್ಪಿಸಿದ ಮೊದಲ ಕೆಲಸ ಕುಟುಂಬ ಯೋಜನೆ. ಕೆಂಪು ತ್ರಿಕೋನ ಗೋಡೆಗಳ ಮೇಲೆ ಬಂತು, ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಎಂಬ ಘೋಷಣೆ ಬಂತು. ಅದರ ಬೆನ್ನಿಗೇ ಗುರಿ ಬಂತು: ಈ ತಿಂಗಳು ಇಷ್ಟು ಆಪರೇಷನ್. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಮಾತಾಡಿ ಮನವೊಲಿಸಲು ನೇಮಕವಾದವನು ತಲೆ ಎಣಿಸುವವನಾದ. ಅವನ ಜೀಪಿನ ಸದ್ದು ಕೇಳಿ ಗಂಡಸರು ಹೊಲಕ್ಕೆ ಓಡಿದ ಕತೆಗಳು ಬಯಲುಸೀಮೆಯ ಊರೂರಲ್ಲಿವೆ. ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೇಂದ್ರ ಕೈಬಿಟ್ಟದ್ದು 1996ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ನಂಬಿಕೆ ಖರ್ಚಾಗಿತ್ತು.

ನಾರುಹುಣ್ಣಿನ ಕತೆ ಇದಕ್ಕಿಂತ ಸಂಕೀರ್ಣ, ಇದಕ್ಕಿಂತ ಒಳ್ಳೆಯದೂ ಹೌದು.

ಮಳೆ ಕಡಿಮೆಯ ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಮೆಟ್ಟಿಲ ಬಾವಿಗಳೇ ಗತಿಯಾಗಿದ್ದ ಕಾಲವಿತ್ತು. ಕೊಡ ಹಿಡಿದು ಇಳಿಯಬೇಕು, ಮೊಣಕಾಲವರೆಗೆ ನೀರಲ್ಲಿ ನಿಂತು ತುಂಬಬೇಕು. ಕಾಲಲ್ಲಿ ನಾರುಹುಣ್ಣಿದ್ದವರು ಹಾಗೆ ನಿಂತರೆ ಹುಣ್ಣಿನ ಬಾಯಿಂದ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ನೀರುಚಿಗಟ ಅವನ್ನು ನುಂಗುತ್ತದೆ, ಮನುಷ್ಯ ಆ ನೀರು ಕುಡಿಯುತ್ತಾನೆ, ಸುಮಾರು ಒಂದು ವರ್ಷ ಕಳೆದ ಮೇಲೆ ಎರಡು ಮೂರು ಅಡಿ ಉದ್ದದ ಹುಳು ಅವನ ಕಾಲಿಂದ ಹೊರಬರುತ್ತದೆ. ಇಷ್ಟನ್ನು ರಷ್ಯದ ಫೆಡ್ಚೆಂಕೊ 1870ರ ಹೊತ್ತಿಗೇ ಕಂಡುಹಿಡಿದಿದ್ದ. ಸಾವು ಅಪರೂಪ, ಆದರೆ ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿದ ರೈತನಿಗೆ ಆ ವರ್ಷ ಕೈಬಿಟ್ಟಂತೆಯೇ.

ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುವುದು ಹಳ್ಳಿಯ ಉಪಾಯ. ಅವಸರ ಮಾಡಿದರೆ ತುಂಡಾಗಿ ಒಳಗೆ ಕೀವು ತುಂಬುತ್ತದೆ ಎಂಬ ಎಚ್ಚರವೂ ಅದರ ಜೊತೆಗಿತ್ತು. ಆಧುನಿಕ ವೈದ್ಯದಲ್ಲಿ ಈ ರೋಗಕ್ಕೆ ಮಾತ್ರೆಯಿಲ್ಲ, ಲಸಿಕೆಯಿಲ್ಲ. ಇವತ್ತಿಗೂ ಒಪ್ಪಿತ ಚಿಕಿತ್ಸೆ ಅದೇ ಕಡ್ಡಿ. ಅಂದರೆ 1983–84ರಲ್ಲಿ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಆರೋಗ್ಯ ಕಾರ್ಯಕರ್ತರ ಚೀಲದಲ್ಲಿ ಹಳ್ಳಿಯವರನ್ನು ಮೀರಿಸುವ ಔಷಧ ಇರಲಿಲ್ಲ. ಬಹುಶಃ ಅದರಿಂದಲೇ ಇದು ಗೆದ್ದಿತು. ಮನೆಮನೆಗೆ ಹೋಗಿ ಯಾರಿಗೆ ನಾರು ಇದೆ ಎಂದು ಕೇಳಬೇಕಿತ್ತು. ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಎಂದು ತೋರಿಸಬೇಕಿತ್ತು, ಹುಣ್ಣಿದ್ದವರು ಬಾವಿಗೆ ಇಳಿಯದಂತೆ ಊರವರ ಒಪ್ಪಿಗೆ ಪಡೆಯಬೇಕಿತ್ತು. ಬಾವಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಹಾಕುವುದು, ಮೆಟ್ಟಿಲು ಮುಚ್ಚಿ ಹಗ್ಗದಿಂದ ಸೇದುವ ಬಾವಿ ಮಾಡುವುದು, ಕೊಳವೆಬಾವಿ ಕೊರೆದು ಕೈಪಂಪು ನಿಲ್ಲಿಸುವುದು ಉಳಿದ ಕೆಲಸ. ಆರಂಭದಲ್ಲಿ ದೇಶದಲ್ಲಿ 40 ಸಾವಿರದ ಹತ್ತಿರ ಇದ್ದ ಪ್ರಕರಣಗಳು 1996ರ ಜುಲೈಗೆ ಒಂದಕ್ಕೆ ಇಳಿದು ಮುಗಿದವು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದಿತು.

ಪೋಸ್ಟರುಗಳು ಹೇಳದ ಒಂದು ಮಾತಿದೆ. ‘ಅಶುದ್ಧ ನೀರು ಕುಡಿಯಬೇಡಿ’ ಎಂದು ಬರೆದವರು ಯಾವ ಬಾವಿ ಯಾವ ಕೇರಿಗೆ, ಯಾರು ಇಳಿಯಬಹುದು, ಯಾರು ದೂರ ನಿಂತು ನೀರು ಹಾಕಿಸಿಕೊಳ್ಳಬೇಕು ಎಂಬ ಊರಿನ ಕಟ್ಟಳೆಯನ್ನು ಚಿತ್ರದಲ್ಲಿ ತೋರಿಸಲಿಲ್ಲ. ಅಜ್ಞಾನದ ಬಗ್ಗೆ ಮಾತಾಡುವುದು ಸುಲಭ, ಜಾತಿಯ ಬಗ್ಗೆ ಮಾತಾಡಿದರೆ ಸಭೆ ಮುಂದೆ ಸಾಗದು. ಕೈಪಂಪು ಆ ಪ್ರಶ್ನೆಯನ್ನು ಅಲ್ಪಸ್ವಲ್ಪ ತಾನೇ ಬಗೆಹರಿಸಿತು, ಕೇರಿಗೊಂದು ನೆಟ್ಟು.

ಆ ಕೈಪಂಪಿನ ನೀರಿನಲ್ಲೇ ಮುಂದಿನ ತೊಂದರೆ ಕಾದಿತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ಗಟ್ಟಿ ಶಿಲೆಯ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ಮೀರಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದವರಿಗೆ ಬಾಗದ ಬೆನ್ನು. ಇದು ಹೊಸ ರೋಗವೂ ಅಲ್ಲ, ಪರದೇಶದ್ದೂ ಅಲ್ಲ: ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಇದೇ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಐವತ್ತು ವರ್ಷದ ಆಚೆಗೂ ಕೊಳವೆಬಾವಿಯ ನೀರೆಂದರೆ ಶುದ್ಧ ನೀರು ಎಂದೇ ಶಾಲೆಗಳಲ್ಲಿ, ಸಭೆಗಳಲ್ಲಿ ಹೇಳಿಕೊಡಲಾಯಿತು. ಈಗ ಅದೇ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಕೆಲವು ನಡೆಯುತ್ತವೆ, ಕೆಲವು ಕೆಟ್ಟು ನಿಂತಿವೆ. ಮೂವತ್ತು ವರ್ಷದಲ್ಲಿ ಮೂರು ಬಗೆಯ ನೀರನ್ನು ಒಳ್ಳೆಯದೆಂದು ಕೇಳಿದ ಹೆಂಗಸು ನಾಲ್ಕನೆಯದನ್ನು ಅನುಮಾನಿಸಿದರೆ ಅದಕ್ಕೆ ಮೂಢನಂಬಿಕೆ ಎಂದು ಹೆಸರಿಡಲಾಗದು.

ಬಳ್ಳಾರಿ ಜಿಲ್ಲೆಯ ಹೆಸರು ದೇಶದ ವೈದ್ಯಕೀಯ ಪಠ್ಯಪುಸ್ತಕಗಳಿಗೆ ಸೇರಿದ್ದು ಮಾತ್ರ ಮನೋರೋಗದ ಅಧ್ಯಾಯದ ಮೂಲಕ.

ಅದರ ಬೇರು ಬೇರೆಡೆ ಇದೆ. ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕೋಟದಲ್ಲಿ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮನೆಮನೆ ತಿರುಗಿ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಬರೆದರು. ಮನಸ್ಸು ಕೆಟ್ಟಾಗ ಜನ ಪಾತ್ರಿಯ ಬಳಿಗೂ ಹೋಗುತ್ತಾರೆ, ಮಂತ್ರವಾದಿಯ ಬಳಿಗೂ ಹೋಗುತ್ತಾರೆ, ಡಾಕ್ಟರ ಬಳಿಗೂ ಹೋಗುತ್ತಾರೆ, ಇದರಲ್ಲಿ ಅವರಿಗೆ ವಿರೋಧವೇನೂ ಕಾಣದು ಎಂಬುದು ಅವರು ಕಂಡ ಸತ್ಯಗಳಲ್ಲಿ ಒಂದು. ಕಪೂರರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. 1975–76ರಲ್ಲಿ ಸಂಸ್ಥೆ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಘಟಕ ತೆರೆಯಿತು. ಹಾಸಿಗೆ ಎಣಿಸುವ ಆಸ್ಪತ್ರೆಯ ಮನೋವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನರ್ಸಮ್ಮನಿಗೆ, ಪುರುಷ ಕಾರ್ಯಕರ್ತನಿಗೆ ತಮ್ಮ ವಿದ್ಯೆಯನ್ನು ಎಷ್ಟು ಸಣ್ಣದಾಗಿ ಕಟ್ಟಿಕೊಡಬಹುದು ಎಂದು ಅಲ್ಲಿ ನೋಡಿದರು. ಪಂಡಿತರಿಗೆ ಇದು ಕಷ್ಟದ ಕೆಲಸ. ಏನನ್ನು ಬಿಡಬೇಕು ಎಂದು ತೀರ್ಮಾನಿಸಬೇಕಾಗುತ್ತದೆ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲೆ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ತನ್ನ ಬಾಗಿಲಿನ ಜಿಲ್ಲೆಯನ್ನಲ್ಲ, ಮುನ್ನೂರು ಕಿಲೋಮೀಟರ್ ದೂರದ, ಸುಮಾರು 15 ಲಕ್ಷ ಜನರ ಬಳ್ಳಾರಿಯನ್ನು. ಅಂದಿನ ಎಂಟು ತಾಲ್ಲೂಕುಗಳಲ್ಲಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳೂ ಇದ್ದವು. 1985ರಿಂದ 1990ರವರೆಗೆ ನಡೆದ ಈ ಕೆಲಸದಲ್ಲಿ ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಕನ್ನಡದ ಓದುಗರಿಗೆ ಪುಸ್ತಕಗಳಿಂದ ಚಿರಪರಿಚಿತರಾದ ಸಿ.ಆರ್. ಚಂದ್ರಶೇಖರ್, ಆರ್. ಪಾರ್ಥಸಾರಥಿ ಮೊದಲಾದವರು ಇದ್ದರು. ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯ, ಸಣ್ಣ ತಂಡ, ಒಂದು ಕ್ಲಿನಿಕ್. ಉಳಿದದ್ದೆಲ್ಲ ಇದ್ದ ಡಾಕ್ಟರುಗಳ, ಇದ್ದ ಕಾರ್ಯಕರ್ತರ ಕೈಯಲ್ಲಿ. ಡಾಕ್ಟರುಗಳಿಗೆ ಕೆಲವು ದಿನಗಳ ತರಬೇತಿ, ಬೆರಳೆಣಿಕೆಯ ಔಷಧಗಳು: ಚಿತ್ತವಿಕಲತೆಗೆ ಕ್ಲೋರ್‌ಪ್ರೊಮಜಿನ್, ಖಿನ್ನತೆಗೆ ಇಮಿಪ್ರಮಿನ್ ಜಾತಿಯ ಮಾತ್ರೆ, ಮೂರ್ಛೆ ರೋಗಕ್ಕೆ ಫಿನೋಬಾರ್ಬಿಟೋನ್, ತಿಂಗಳಿಗೊಮ್ಮೆ ಕೊಡಬಹುದಾದ ಒಂದು ಇಂಜಕ್ಷನ್.

ಇದರ ಅರ್ಥ ಏನೆಂಬುದು ಅದಕ್ಕೂ ಹಿಂದಿನ ಸ್ಥಿತಿ ನೆನೆದರೆ ತಿಳಿಯುತ್ತದೆ. ‘ಗಾಳಿ ಮೆಟ್ಟೈತಿ’ ಎಂದ ಮನೆಯವರ ಮುಂದೆ ಇದ್ದದ್ದು ಗುಡಿ, ತಾಯಿತ, ಇಲ್ಲವೇ ಧಾರವಾಡ, ಬೆಂಗಳೂರಿನ ಮಾನಸಿಕ ಆಸ್ಪತ್ರೆ. ಅಲ್ಲಿಗೆ ಹೋಗಲು ಜೊತೆಗೆ ಇಬ್ಬರು ಆಳು ಬೇಕು, ವಾರದ ಕೂಲಿ ಬಿಡಬೇಕು. ಮೂರ್ಛೆ ಬಿದ್ದವರ ಕೈಗೆ ಬೀಗದ ಕೈ ಗೊಂಚಲು ಕೊಡುವುದು ಇಂದಿಗೂ ಕಾಣುವ ರೂಢಿ. ಅದನ್ನು ನಕ್ಕು ತಳ್ಳಿಹಾಕುವವರು ಮಾತ್ರೆ ಎಲ್ಲಿ ಸಿಗುತ್ತದೆ ಎಂದು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಬಳ್ಳಾರಿಯ ಪ್ರಯೋಗದಲ್ಲಿ ಮಾತ್ರೆ ಹತ್ತಿರದ ದವಾಖಾನೆಗೆ ಬಂತು. ಕಾರ್ಯಕರ್ತೆಯರು ‘ನಿಮ್ಮನೇಲಿ ಹುಚ್ಚರಿದ್ದಾರಾ’ ಎಂದು ಕೇಳಬೇಕಿರಲಿಲ್ಲ. ಒಬ್ಬರೇ ಮಾತಾಡಿಕೊಳ್ಳುವುದು, ನಿದ್ದೆ ಬಿಡುವುದು, ಕೆಲಸ ಬಿಟ್ಟು ಕೂರುವುದು, ಫಿಟ್ಸ್ ಬರುವುದು ಇಂಥ ಕಣ್ಣಿಗೆ ಕಾಣುವ ಲಕ್ಷಣಗಳ ಮೇಲೆ ಗುರುತಿಸುವಂತೆ ಅವರ ಪಾಠವನ್ನು ರೂಪಿಸಲಾಗಿತ್ತು.

‘ಬಳ್ಳಾರಿ ಮಾದರಿ’ ಎಂಬ ಹೆಸರಿನಲ್ಲಿ ಇದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು, ಮೊದಲು ನಾಲ್ಕು ಜಿಲ್ಲೆ, ಆಮೇಲೆ ನೂರಾರು. ಹರಡುತ್ತ ತೆಳುವೂ ಆಯಿತು. ತರಬೇತಾದ ಡಾಕ್ಟರು ವರ್ಗವಾಗಿ ಹೋದರೆ ಹೊಸಬರಿಗೆ ಪಾಠ ಮೊದಲಿಂದ. ಔಷಧ ತಪ್ಪಿದ ತಿಂಗಳು ರೋಗಿ ಮತ್ತೆ ಗುಡಿಗೆ. ಉತ್ತರ ಭಾರತದ ಇಂಥದೇ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಿದ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ ಬರೆದ ಲೇಖನದ ದೂರು ಎಂದರೆ, ಸಮುದಾಯದ ಹೆಸರಲ್ಲಿ ಹೊರಟ ನೀತಿ ಕೊನೆಗೆ ಮಾತ್ರೆ ಹಂಚುವುದಕ್ಕೆ ಇಳಿದಿದೆ ಎಂಬುದು. ದೂರು ನ್ಯಾಯವಾದದ್ದು. ಆದರೂ ವರ್ಷಗಟ್ಟಲೆ ಫಿಟ್ಸ್ ಬೀಳುತ್ತಿದ್ದ ಹುಡುಗಿಗೆ ಕೆಲವೇ ಪೈಸೆಯ ಮಾತ್ರೆ ಹೋಬಳಿಯಲ್ಲೇ ಸಿಗುವುದನ್ನು ಕೀಳುಗಳೆಯುವ ಟೀಕೆ ಪಟ್ಟಣದಲ್ಲಿ ಕೂತು ಮಾತ್ರ ಸಾಧ್ಯ.

ಕಲಿಸುವ ಜಾಗ ಇನ್ನೊಮ್ಮೆ ಕೈ ಬದಲಾಯಿಸಿದ್ದು ಎಚ್‌ಐವಿಯ ಕಾಲದಲ್ಲಿ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳಲ್ಲಿ ದೇವದಾಸಿ ಪದ್ಧತಿ 1982ರ ನಿಷೇಧ ಕಾಯ್ದೆಯ ನಂತರವೂ ಉಳಿದಿತ್ತು. ಬಳ್ಳಾರಿ ಜಿಲ್ಲೆಯಲ್ಲಿ 2003ರ ಬಳಿಕ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನಂಥ ಸಂಸ್ಥೆಗಳು ನಡೆಸಿದ ಎಚ್‌ಐವಿ ತಡೆಯ ಕೆಲಸದಲ್ಲಿ ಆ ಪದ್ಧತಿಗೆ ಒಳಗಾದ ಹೆಂಗಸರೇ ಸಹಶಿಕ್ಷಕಿಯರಾಗಿ ತಮ್ಮಂಥವರ ಮನೆಗೆ ಹೋದರು. ಸರಕಾರಿ ಭಾಷಣ ತಲುಪದ ಕಡೆ ಅವರ ಮಾತು ತಲುಪಿತು, ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೈದ್ಯರನ್ನು ಹಳ್ಳಿಗೆ ಕಳಿಸುವ ಜಗಳ ಮಾತ್ರ 1946ರಲ್ಲಿ ಬಿಟ್ಟಲ್ಲೇ ಇದೆ. ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 2015ರಲ್ಲಿ, ಕೂಡಲೇ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಮು ವೈದ್ಯರಲ್ಲದ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಸೀಮಿತ ಪರವಾನಗಿ ಕೊಡಬಹುದು ಎಂದಾಗ ಡಾಕ್ಟರುಗಳ ಸಂಘಟನೆಗಳು ದೇಶದಾದ್ಯಂತ ಬೀದಿಗಿಳಿದವು. ಎಲ್‌ಎಂಪಿಗಳ ವಿರುದ್ಧ ಅಂದು ಕೇಳಿಬಂದ ವಾದಗಳೇ ಮತ್ತೆ ಕೇಳಿಬಂದವು. ಅಷ್ಟರಲ್ಲೇ ನರ್ಸಿಂಗ್ ಪದವಿಯ ಮೇಲೆ ಆರು ತಿಂಗಳ ತರಬೇತಿ ಪಡೆದ ಸಮುದಾಯ ಆರೋಗ್ಯಾಧಿಕಾರಿಗಳು ಉಪಕೇಂದ್ರಗಳಿಗೆ ನೇಮಕವಾಗತೊಡಗಿದ್ದರು. ಬಿಪಿ, ಶುಗರ್ ನೋಡುವುದು, ತಿಂಗಳ ಮಾತ್ರೆ ಕೊಡುವುದು, ದೊಡ್ಡ ತೊಂದರೆ ಕಂಡರೆ ಮೇಲಿನ ಆಸ್ಪತ್ರೆಗೆ ಚೀಟಿ ಬರೆಯುವುದು ಅವರ ಕೆಲಸ. ಇಟ್ಟಿಗಿ ಸೀಮೆಯ ಜನ ಆ ಚೀಟಿ ಹಿಡಿದು ಹೊರಡುವುದು ಹಡಗಲಿಗೆ, ಅಲ್ಲೂ ಆಗದಿದ್ದರೆ ದಾವಣಗೆರೆಗೆ.